ಮರಳಿ ಬಾರದ ರೋಗಿಗಳ ಲೆಕ್ಕ ಇಡೋಣ: ಆರೋಗ್ಯ ಇಲಾಖೆಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಪ್ರಧಾನ ಕಾರ್ಯದರ್ಶಿಗಳು ಮತ್ತು ಆಯುಕ್ತರು, ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ, ಕರ್ನಾಟಕ ಸರ್ಕಾರ, ಬೆಂಗಳೂರು;
ಮಾನ್ಯ ಸದಸ್ಯರು, ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ.

ವಿಷಯ: ತಾಲ್ಲೂಕು ಮಟ್ಟದ ಮಾನಸಿಕ ಆರೋಗ್ಯ ಸೇವೆಯಲ್ಲಿ ಗುಣಮಟ್ಟ ಸುಧಾರಣಾ ಚಕ್ರಗಳನ್ನು ಅಳವಡಿಸುವ ಕುರಿತು.

ಮಾನ್ಯರೇ,

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವೊಂದರಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿರುವ ನಾನು ಈ ಪತ್ರವನ್ನು ಬಹಿರಂಗವಾಗಿ ಬರೆಯುವುದಕ್ಕೆ ಕಾರಣವಿದೆ. ಇದರಲ್ಲಿ ಕೇಳಿರುವ ಬದಲಾವಣೆ ಕಡತದಲ್ಲಿ ಮಂಜೂರಾದ ಕೂಡಲೇ ಮುಗಿದುಹೋಗುವಂಥದ್ದಲ್ಲ. ತಾಲ್ಲೂಕು ಆಸ್ಪತ್ರೆಯ ವೈದ್ಯರು, ಶುಶ್ರೂಷಾಧಿಕಾರಿಗಳು, ಫಾರ್ಮಸಿಸ್ಟ್, ಆಶಾ ಕಾರ್ಯಕರ್ತೆ ಹಾಗೂ ರೋಗಿಗಳ ಮನೆಯವರು ಅದನ್ನು ತಿಳಿದು, ಒಪ್ಪಿ, ತಾವೇ ನಡೆಸಬೇಕು. ಆದ್ದರಿಂದ ಅವರೂ ಇದನ್ನು ಓದಲಿ ಎಂಬುದು ನನ್ನ ಆಸೆ. ಕೋರಿಕೆ ಇಷ್ಟೇ: ನಮ್ಮ ಮಾನಸಿಕ ಆರೋಗ್ಯ ಚಿಕಿತ್ಸಾಲಯಗಳು ತಮ್ಮ ಒಂದೊಂದು ತೊಂದರೆಯನ್ನು ತಾವೇ ಆರಿಸಿಕೊಂಡು, ಅದಕ್ಕೊಂದು ಸಣ್ಣ ಬದಲಾವಣೆಯನ್ನು ಮಾಡಿ ನೋಡಿ, ಫಲವನ್ನು ಅಳೆದು, ಸರಿಬಂದರೆ ಉಳಿಸಿಕೊಂಡು, ಸರಿಬಾರದಿದ್ದರೆ ಬಿಟ್ಟು ಮುಂದಿನ ಪ್ರಯತ್ನಕ್ಕೆ ಹೋಗುವ ಪದ್ಧತಿಗೆ, ಅಂದರೆ ಸುಧಾರಣಾ ಚಕ್ರಕ್ಕೆ, ಇಲಾಖೆಯು ಅವಕಾಶ, ಸಮಯ ಮತ್ತು ಅಭಯ ಕೊಡಬೇಕು.

ಮಾನಸಿಕ ಆರೋಗ್ಯದ ವಿಷಯದಲ್ಲಿ ಕರ್ನಾಟಕಕ್ಕೆ ಯಾರಿಂದಲೂ ಪಾಠ ಹೇಳಿಸಿಕೊಳ್ಳುವ ಅಗತ್ಯವಿಲ್ಲ ಎನ್ನುವವರ ಮಾತಿನಲ್ಲಿ ಸತ್ಯಾಂಶವಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ದೇಶಕ್ಕೆಲ್ಲ ಮಾದರಿಯಾಗಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಇಂದು ನಮ್ಮ ಎಲ್ಲ ಜಿಲ್ಲೆಗಳಲ್ಲೂ ಆ ಕಾರ್ಯಕ್ರಮವಿದೆ. ಮನೋಚೈತನ್ಯ ಯೋಜನೆಯಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ವ್ಯವಸ್ಥೆಯಾಗಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೂ ನಿಮ್ಹಾನ್ಸ್ ಸಂಸ್ಥೆಯೇ ಮುಖ್ಯ ಕೇಂದ್ರ. ಆದರೆ ಸೇವೆಯನ್ನು ಊರಿಗೆ ಮುಟ್ಟಿಸುವುದು ಒಂದು ಕೆಲಸ, ಮುಟ್ಟಿದ ಸೇವೆ ರೋಗಿಯ ಕೈಬಿಡದಂತೆ ನೋಡಿಕೊಳ್ಳುವುದು ಇನ್ನೊಂದು. ಮೊದಲನೆಯದರಲ್ಲಿ ನಾವು ಬಹುದೂರ ಬಂದಿದ್ದೇವೆ. ಎರಡನೆಯದನ್ನು ಅಳೆಯುವುದಕ್ಕೂ ಇನ್ನೂ ಶುರುಮಾಡಿಲ್ಲ.

ನಾವು ತಿಂಗಳು ತಿಂಗಳು ಕಳುಹಿಸುವ ವರದಿಯನ್ನೇ ನೋಡಿ. ಹೊಸ ರೋಗಿಗಳು ಎಷ್ಟು, ಹಳೆಯ ರೋಗಿಗಳು ಎಷ್ಟು, ಗಂಡು ಎಷ್ಟು, ಹೆಣ್ಣು ಎಷ್ಟು, ಯಾವ ಕಾಯಿಲೆ ಎಷ್ಟು, ತರಬೇತಿ ಎಷ್ಟು, ಅರಿವು ಕಾರ್ಯಕ್ರಮ ಎಷ್ಟು ಎಂದೆಲ್ಲ ಅದರಲ್ಲಿ ಇರುತ್ತದೆ. ಒಂದು ತಾಲ್ಲೂಕಿನಲ್ಲಿ ಒಂದು ತಿಂಗಳು ನಲವತ್ತು ಹೊಸಬರು, ನೂರಿಪ್ಪತ್ತು ಹಳಬರು ಬಂದರೆಂದು ಇಟ್ಟುಕೊಳ್ಳೋಣ. ಕಾಗದದ ಮೇಲೆ ಅದು ತುಂಬಿ ತುಳುಕುವ ಚಿಕಿತ್ಸಾಲಯ. ಆದರೆ ಆ ನೂರಿಪ್ಪತ್ತು ಮಂದಿ ಹತ್ತು ವರ್ಷಗಳಿಂದ ತಪ್ಪದೆ ಬರುತ್ತಿರುವವರೇ ಆಗಿದ್ದು, ಹಿಂದಿನ ತಿಂಗಳು ಮೊದಲ ಸಲ ಬಂದ ನಲವತ್ತು ಜನರಲ್ಲಿ ಮುಕ್ಕಾಲು ಪಾಲು ಮತ್ತೆ ಮುಖ ತೋರಿಸದೇ ಹೋಗಿರಬಹುದು. ವರದಿಯ ಯಾವ ಅಂಕಣವೂ ಇದನ್ನು ಹೇಳುವುದಿಲ್ಲ. ಬಂದವರ ತಲೆ ಎಣಿಸುತ್ತೇವೆಯೇ ಹೊರತು ಬಾರದವರ ಹೆಸರು ಹುಡುಕುವುದಿಲ್ಲ.

ಬೇರೆ ವಿಭಾಗಗಳಲ್ಲಿ ಒಂದು ಭೇಟಿಗೆ ಮುಗಿಯುವ ಕಾಯಿಲೆಗಳು ಬೇಕಾದಷ್ಟಿವೆ. ನಮ್ಮಲ್ಲಿ ಚಿಕಿತ್ಸೆ ನಿಜವಾಗಿ ಶುರುವಾಗುವುದೇ ಎರಡನೆಯ ಭೇಟಿಯಿಂದ. ಖಿನ್ನತೆಗೆಂದು ಫ್ಲೂಆಕ್ಸೆಟಿನ್ ಶುರುಮಾಡಿದರೆ ಮನಸ್ಸು ಹಗುರಾಗಲು ಎರಡರಿಂದ ನಾಲ್ಕು ವಾರ ಬೇಕು, ಆದರೆ ಹೊಟ್ಟೆ ತೊಳಸುವುದು, ನಿದ್ದೆ ಕೆಡುವುದು ಮೊದಲ ವಾರದಲ್ಲೇ ಕಾಣಿಸಿಕೊಳ್ಳುತ್ತವೆ. ಮನೋವಿಕಾರಕ್ಕೆ ಕೊಡುವ ರಿಸ್ಪೆರಿಡೋನ್, ಹ್ಯಾಲೊಪೆರಿಡಾಲ್ ಮಾತ್ರೆಗಳಿಂದ ಕೆಲವರಿಗೆ ಕೈನಡುಕ, ಮೈಬಿಗಿತ ಬರುತ್ತದೆ. ಅದಕ್ಕೆ ಪರಿಹಾರವಿದೆ, ಹೇಳಿಕೊಳ್ಳಲು ರೋಗಿ ಮತ್ತೆ ಬರಬೇಕು ಅಷ್ಟೆ. ಬರುವುದಿಲ್ಲ. 'ಮಾತ್ರೆ ಒಗ್ಗಲಿಲ್ಲ, ಬಿಟ್ಟುಬಿಟ್ಟೆವು ಮೇಡಂ' ಎಂಬ ಮಾತನ್ನು ನಾನು ಕೇಳಿರುವುದು ಬಹುಪಾಲು ರೋಗಿಗಳ ಮನೆಯಂಗಳದಲ್ಲಿ, ಅದೂ ತಿಂಗಳುಗಳು ಕಳೆದ ಮೇಲೆ. ಆ ಹೊತ್ತಿಗೆ ಮನೆಯವರು ಸಾಲ ಮಾಡಿ ದೂರದ ಊರಿನ ಯಾವುದೋ ಮಠವನ್ನೋ ದರ್ಗಾವನ್ನೋ ಸುತ್ತಿ ಬಂದಿರುತ್ತಾರೆ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು, ಕಾಯಿಲೆಗೆ ಅನುಗುಣವಾಗಿ, ಚಿಕಿತ್ಸೆ ಬೇಕಿದ್ದೂ ದೊರೆಯದವರ ಪ್ರಮಾಣ ಶೇಕಡ 70ರಿಂದ 92ರಷ್ಟಿದೆ ಎಂದಿತು. ಈ ಅಂತರವನ್ನು ನಾವು ಸಾಮಾನ್ಯವಾಗಿ ಆಸ್ಪತ್ರೆಯ ಮೆಟ್ಟಿಲು ಹತ್ತದವರ ಕಥೆಯೆಂದೇ ಓದುತ್ತೇವೆ. ಒಮ್ಮೆ ಹತ್ತಿ ಇಳಿದು ಹೋದವರೂ ಅದರೊಳಗಿದ್ದಾರೆ.

ಈ ತೊಂದರೆಗೆ ಮೇಲಿನಿಂದ ಬರುವ ಪರಿಹಾರ ಸುತ್ತೋಲೆಯ ರೂಪದಲ್ಲಿರುತ್ತದೆ: 'ಅನುಸರಣಾ ಭೇಟಿಗಳನ್ನು ಹೆಚ್ಚಿಸಲು ಕ್ರಮ ಕೈಗೊಳ್ಳತಕ್ಕದ್ದು'. ಯಾವ ಕ್ರಮ ಎಂಬುದು ಒಂದೊಂದು ತಾಲ್ಲೂಕಿಗೂ ಬೇರೆ ಎನ್ನುವುದು ಸುತ್ತೋಲೆಗೆ ತಿಳಿಯದು. ಒಂದು ಕಡೆ ಮಧ್ಯಾಹ್ನದ ಬಸ್ಸು ತಪ್ಪಿದರೆ ಸಂಜೆಯವರೆಗೆ ಬಸ್ಸಿಲ್ಲ ಎಂಬುದೇ ಕಾರಣವಾಗಿರಬಹುದು. ಇನ್ನೊಂದು ಕಡೆ ಚೀಟಿ ಮಾಡಿಸುವ ಸಾಲು, ವೈದ್ಯರ ಸಾಲು ಮುಗಿಸಿ ಬರುವಷ್ಟರಲ್ಲಿ ಔಷಧದ ಕಿಟಕಿ ಊಟಕ್ಕೆ ಮುಚ್ಚಿರುತ್ತದೆ. ಮತ್ತೊಂದು ಕಡೆ ಕೂಲಿ ಬಿಟ್ಟು ಬಂದವರಿಗೆ ಎಂಟೇ ದಿನದ ಮಾತ್ರೆ ಕೊಟ್ಟು ಕಳುಹಿಸಲಾಗುತ್ತದೆ. ಸ್ಥಳದಲ್ಲಿದ್ದವರಿಗೆ ಮಾತ್ರ ಗೊತ್ತಾಗುವ ಇಂಥ ಕಾರಣಗಳನ್ನು ಸ್ಥಳದಲ್ಲೇ ಪರೀಕ್ಷಿಸಲು ಇರುವ ಸಾಧನವೇ ಸುಧಾರಣಾ ಚಕ್ರ.

ಇದರ ಮೂಲ ಆಸ್ಪತ್ರೆಯಲ್ಲ, ಕಾರ್ಖಾನೆ. ಅಮೆರಿಕದ ಬೆಲ್ ಟೆಲಿಫೋನ್ ವ್ಯವಸ್ಥೆಯಲ್ಲಿದ್ದ ವಾಲ್ಟರ್ ಶೂಹಾರ್ಟ್ 1924ರಲ್ಲಿ, ಅಳತೆಗಳ ಏರಿಳಿತದಲ್ಲಿ ಸಹಜವಾದದ್ದು ಯಾವುದು, ನಿಜವಾದ ಬದಲಾವಣೆ ಯಾವುದು ಎಂದು ತೋರಿಸುವ ನಿಯಂತ್ರಣ ನಕ್ಷೆಯನ್ನು ರೂಪಿಸಿದರು. ಎಡ್ವರ್ಡ್ಸ್ ಡೆಮಿಂಗ್ ಆ ಚಿಂತನೆಯನ್ನು ಬೆಳೆಸಿ 1950ರಲ್ಲಿ ಜಪಾನಿನ ಎಂಜಿನಿಯರುಗಳಿಗೆ ಕಲಿಸಿದರು. ಆರೋಗ್ಯ ಕ್ಷೇತ್ರಕ್ಕೆ ಬರುವಾಗ ಅದು ಮೂರು ಪ್ರಶ್ನೆಗಳಾಗಿ ಸರಳವಾಯಿತು: ನಾವು ಸಾಧಿಸಬೇಕೆಂದಿರುವುದು ಏನು, ಸುಧಾರಣೆ ಆಯಿತೆಂದು ತಿಳಿಯುವುದು ಹೇಗೆ, ಅದಕ್ಕಾಗಿ ಯಾವ ಬದಲಾವಣೆ ಮಾಡಬಹುದು. ಉತ್ತರ ಸಿಕ್ಕ ಮೇಲೆ ಯೋಜಿಸಿ, ಮಾಡಿ ನೋಡಿ, ಫಲವನ್ನು ಅಧ್ಯಯನ ಮಾಡಿ, ಮುಂದಿನ ಹೆಜ್ಜೆ ತೀರ್ಮಾನಿಸಬೇಕು. ಪಿಡಿಎಸ್‌ಎ (ಪ್ಲಾನ್, ಡೂ, ಸ್ಟಡಿ, ಆ್ಯಕ್ಟ್) ಎಂದು ತರಬೇತಿಗಳಲ್ಲಿ ಹೇಳಿಕೊಡುವುದು ಇದನ್ನೇ. ಹೇಳಿಕೊಡುವಾಗ ಸ್ಲೈಡಿನ ಮೇಲೆ ನಾಲ್ಕು ಬಣ್ಣದ ವೃತ್ತವಿರುತ್ತದೆ, ತರಬೇತಿ ಮುಗಿದು ಪ್ರಮಾಣಪತ್ರ ಹಂಚಿದ ಮೇಲೆ ಆ ವೃತ್ತ ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯದು.

ಆದ್ದರಿಂದ ನಮ್ಮ ಮಂಗಳವಾರದ ಚಿಕಿತ್ಸಾಲಯದಲ್ಲಿ ಅದು ಹೇಗೆ ನಡೆಯಬಹುದೆಂಬುದನ್ನು ತುಸು ವಿವರವಾಗಿಯೇ ಹೇಳುತ್ತೇನೆ. ಗುರಿ: ಹೊಸದಾಗಿ ನೋಂದಾಯಿಸಿದ ರೋಗಿಗಳಲ್ಲಿ ಆರು ವಾರದೊಳಗೆ ಎರಡನೆಯ ಬಾರಿ ಬರುವವರ ಪ್ರಮಾಣವನ್ನು ಹೆಚ್ಚಿಸುವುದು. ಅಳತೆ: ಈಗಿರುವ ರಿಜಿಸ್ಟರಿನಲ್ಲೇ ಹೊಸ ರೋಗಿಯ ಹೆಸರಿನ ಮುಂದೆ ಒಂದು ಖಾಲಿ ಮನೆ ಬಿಟ್ಟು, ಅವರು ಮರಳಿ ಬಂದ ದಿನಾಂಕವನ್ನು ಅದರಲ್ಲಿ ಬರೆಯುವುದು. ಹೊಸ ಆ್ಯಪ್ ಬೇಡ, ಹೊಸ ಪೋರ್ಟಲ್ ಬೇಡ. ಮೊದಲ ಕೆಲವು ತಿಂಗಳು ಏನನ್ನೂ ಬದಲಿಸದೆ ಬರೀ ಎಣಿಸಬೇಕು, ಏಕೆಂದರೆ ಈಗ ಎಲ್ಲಿದ್ದೇವೆ ಎಂಬುದು ಗೊತ್ತಿಲ್ಲದೆ ಎತ್ತ ಹೋದೆವೆಂದು ಹೇಳಲಾಗದು. ಆಮೇಲೆ ಒಂದು ಬದಲಾವಣೆ. ಉದಾಹರಣೆಗೆ, ಮೊದಲ ಸಲ ಬಂದವರನ್ನು ಔಷಧ ಪಡೆದ ಮೇಲೆ ಐದು ನಿಮಿಷ ಕೂರಿಸಿಕೊಂಡು, ಮೊದಲ ವಾರ ಏನೇನು ಆಗಬಹುದು, ಯಾವುದಕ್ಕೆ ಹೆದರಬೇಕಾಗಿಲ್ಲ, ಯಾವುದು ಕಂಡರೆ ಕೂಡಲೇ ಬರಬೇಕು ಎಂಬುದನ್ನು ಶುಶ್ರೂಷಾಧಿಕಾರಿ ತಿಳಿಸಿ, ಹತ್ತನೆಯ ದಿನ ಒಂದು ಫೋನ್ ಮಾಡುವುದು. ಇದನ್ನು ಒಂದೇ ಮಂಗಳವಾರ, ಮೊದಲು ಬಂದ ನಾಲ್ಕೈದು ಜನರೊಂದಿಗೆ ಮಾತ್ರ ಮಾಡಿ ನೋಡಬೇಕು.

ಮಾಡಿ ನೋಡಿದಾಗಲೇ ತಿಳಿಯುವ ಸಂಗತಿಗಳಿವೆ. ಚೀಟಿಯಲ್ಲಿರುವ ಫೋನ್ ನಂಬರು ಪಕ್ಕದ ಮನೆಯವರದ್ದಾಗಿರಬಹುದು. ಅವರಿಗೆ ಕರೆಮಾಡಿ 'ಮಾನಸಿಕ ಆರೋಗ್ಯ ವಿಭಾಗದಿಂದ ಮಾತನಾಡುತ್ತಿದ್ದೇವೆ' ಎಂದರೆ ಮದುವೆಯ ಮಾತುಕತೆ ನಡೆಯುತ್ತಿರುವ ಮನೆಯೊಂದರ ಗತಿ ಏನಾಗುತ್ತದೆಂದು ನಾನು ವಿವರಿಸಬೇಕಾಗಿಲ್ಲ. ಆಗ ಎರಡನೆಯ ಸುತ್ತಿನಲ್ಲಿ, ಯಾವ ನಂಬರಿಗೆ, ಯಾವ ಹೊತ್ತಿನಲ್ಲಿ, ಏನೆಂದು ಹೇಳಿಕೊಂಡು ಕರೆ ಮಾಡಬಹುದು ಎಂದು ರೋಗಿಯನ್ನೇ ಕೇಳಿ ಬರೆದುಕೊಳ್ಳುತ್ತೇವೆ. ಮೂರನೆಯ ಸುತ್ತಿನಲ್ಲಿ, ಒಪ್ಪಿದವರಿಗೆ ಮಾತ್ರ, ಆಶಾ ಕಾರ್ಯಕರ್ತೆಯ ಮೂಲಕ ಪ್ರಯತ್ನಿಸುತ್ತೇವೆ. ಮೊದಲ ಸುತ್ತು ವಿಫಲವಾಯಿತೆಂದು ಯಾರೂ ತಲೆ ತಗ್ಗಿಸಬೇಕಾಗಿಲ್ಲ. ಇಡೀ ಜಿಲ್ಲೆಗೆ ಆದೇಶ ಹೊರಡಿಸಿದ ಮೇಲೆ ತಿಳಿಯುತ್ತಿದ್ದುದು ನಾಲ್ಕೇ ಜನರಲ್ಲಿ ತಿಳಿಯಿತು.

ಒಂದು ಅಳತೆಯನ್ನು ಹಿಗ್ಗಿಸಲು ಹೋಗಿ ಇನ್ನೊಂದನ್ನು ಕೆಡಿಸದಂತೆ ಎಚ್ಚರವೂ ಬೇಕು. ರೋಗಿಗಳ ಓಡಾಟ ತಪ್ಪಿಸಲೆಂದು ಎಲ್ಲರಿಗೂ ಎರಡು ತಿಂಗಳ ಮಾತ್ರೆ ಒಟ್ಟಿಗೆ ಕೊಡಬಹುದಲ್ಲ ಎಂದು ಯಾರಿಗಾದರೂ ತೋಚೀತು. ವರ್ಷಗಳಿಂದ ಸ್ಥಿರವಾಗಿರುವವರಿಗೆ ಅದು ಒಳ್ಳೆಯ ಬದಲಾವಣೆಯೇ. ಆದರೆ ಸಾಯುವ ಯೋಚನೆ ಇನ್ನೂ ಹೋಗಿರದ ರೋಗಿಯ ಕೈಗೆ ಎರಡು ತಿಂಗಳ ಅಮಿಟ್ರಿಪ್ಟಿಲಿನ್ ಅಥವಾ ಲಿಥಿಯಂ ಕೊಡುವುದೆಂದರೆ ಪ್ರಾಣಾಪಾಯವನ್ನು ಪೊಟ್ಟಣ ಕಟ್ಟಿ ಕೊಟ್ಟಂತೆ. ಹೀಗಾಗಿ ಪ್ರತಿ ಬದಲಾವಣೆಯ ಜೊತೆಗೆ, ಅದರಿಂದ ಏನು ಕೆಡಬಹುದೆಂಬುದಕ್ಕೂ ಒಂದು ಅಳತೆ ಇರಲೇಬೇಕು.

ಫಲವನ್ನು ಓದುವ ಕ್ರಮವೂ ಬದಲಾಗಬೇಕು. ಜೂನ್ ತಿಂಗಳಿಗಿಂತ ಜುಲೈನಲ್ಲಿ ಸಂಖ್ಯೆ ಇಳಿಯಿತೆಂದು ಪರಿಶೀಲನಾ ಸಭೆಯಲ್ಲಿ ಎಬ್ಬಿಸಿ ನಿಲ್ಲಿಸುವುದು ನಮಗೆಲ್ಲ ಅಭ್ಯಾಸವಾಗಿಹೋಗಿದೆ. ಜುಲೈನಲ್ಲಿ ನಾಟಿ ಇತ್ತು, ಮಳೆ ಇತ್ತು, ಒಂದು ಮಂಗಳವಾರ ಸರ್ಕಾರಿ ರಜೆ ಇತ್ತು. ಎರಡು ತಿಂಗಳ ಹೋಲಿಕೆಯಿಂದ ಏನೂ ತಿಳಿಯುವುದಿಲ್ಲ. ಪ್ರತಿ ತಿಂಗಳ ಪ್ರಮಾಣವನ್ನು ಒಂದು ಗೆರೆಯ ಮೇಲೆ ಗುರುತಿಸುತ್ತಾ ಹೋಗಿ, ಮಧ್ಯಾಂಕದ (ಅರ್ಧ ಬಿಂದುಗಳು ಮೇಲೆ, ಅರ್ಧ ಕೆಳಗೆ ಇರುವಂತೆ ಎಳೆದ ಗೆರೆಯ) ಒಂದೇ ಬದಿಗೆ ಸತತವಾಗಿ ಆರು ಬಿಂದುಗಳು ಬಿದ್ದರೆ ಆಗ ನಿಜಕ್ಕೂ ಏನೋ ಬದಲಾಗಿದೆ ಎಂದು ತಿಳಿಯಬಹುದು. ಈ ಗೆರೆನಕ್ಷೆಗೆ ಒಂದು ಹಾಳೆ, ಒಂದು ಪೆನ್ಸಿಲ್ ಸಾಕು. ನಮ್ಮ ತಂಡಗಳಿಗೆ ಮೇಲ್ವಿಚಾರಣೆ ಮತ್ತು ಮೌಲ್ಯಮಾಪನ ಅಧಿಕಾರಿಯ ಹುದ್ದೆಯೇ ಇದೆ. ಸದ್ಯ ಆ ಹುದ್ದೆಯಲ್ಲಿರುವವರ ದಿನವೆಲ್ಲ ಒಂದು ನಮೂನೆಯ ಅಂಕಿಗಳನ್ನು ಇನ್ನೊಂದು ನಮೂನೆಗೆ ಇಳಿಸುವುದರಲ್ಲೇ ಮುಗಿಯುತ್ತದೆ.

ಹೊರಗಿನ ಅನುಭವಗಳಲ್ಲಿ ನಮಗೆ ತೀರ ಹತ್ತಿರವೆನ್ನಿಸುವುದು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ 2003ರಲ್ಲಿ ಆರಂಭವಾದ ನಯಾಟೆಕ್ಸ್ ಎಂಬ ಜಾಲ. ಮದ್ಯ ಮತ್ತು ಮಾದಕ ವ್ಯಸನದ ಚಿಕಿತ್ಸಾ ಕೇಂದ್ರಗಳು ಅದರಲ್ಲಿ ಸೇರಿ, ಕಾಯುವ ದಿನಗಳನ್ನು ತಗ್ಗಿಸುವುದು, ಗೊತ್ತುಮಾಡಿದ ದಿನಕ್ಕೆ ರೋಗಿ ಬಾರದಿರುವುದನ್ನು ಕಡಿಮೆ ಮಾಡುವುದು, ದಾಖಲಾತಿ ಹೆಚ್ಚಿಸುವುದು, ಚಿಕಿತ್ಸೆಯಲ್ಲಿ ಉಳಿಸಿಕೊಳ್ಳುವುದು ಎಂಬ ನಾಲ್ಕೇ ಗುರಿಗಳನ್ನು ಇಟ್ಟುಕೊಂಡವು. ಕೇಂದ್ರದ ಸಿಬ್ಬಂದಿಯೇ ರೋಗಿಯ ಹಾಗೆ ಮೊದಲ ಫೋನ್ ಕರೆಯಿಂದ ಹಿಡಿದು ದಾಖಲಾಗುವವರೆಗೆ ಪ್ರತಿ ಹಂತವನ್ನೂ ಹಾದುಬಂದು ಎಲ್ಲೆಲ್ಲಿ ಎಡವಿದೆವೆಂದು ಬರೆದಿಡುವುದು ಅವರ ಮೊದಲ ಪಾಠವಾಗಿತ್ತು. ಮೊದಲು ಸೇರಿದ ಕೇಂದ್ರಗಳಲ್ಲಿ, ಸಂಪರ್ಕಿಸಿದ ದಿನದಿಂದ ಚಿಕಿತ್ಸೆ ಸಿಗುವವರೆಗಿನ ಸರಾಸರಿ ಅವಧಿ 19.6 ದಿನಗಳಿಂದ 12.4ಕ್ಕೆ ಇಳಿಯಿತು. ತಾವು ಯಾರಾದರೂ, ಮುಂಚಿತವಾಗಿ ಜಿಲ್ಲೆಗೆ ತಿಳಿಸದೆ, ಹಳ್ಳಿಯೊಂದರಿಂದ ಬೆಳಗಿನ ಬಸ್ಸು ಹಿಡಿದು ಮಂಗಳವಾರದ ಚಿಕಿತ್ಸಾಲಯದ ಚೀಟಿ ಸಾಲಿನಲ್ಲಿ ನಿಂತು, ಔಷಧ ಪಡೆದು, ಅದೇ ಊರಿಗೆ ಮರಳಿ ಹೋಗಿ ನೋಡಬೇಕೆಂಬುದು ಈ ಪತ್ರದ ಕೋರಿಕೆಗಳಲ್ಲೊಂದು ಎಂದೇ ಭಾವಿಸಬೇಕು.

ಒಳರೋಗಿ ವಿಭಾಗಗಳಿಗೆ ಲಂಡನ್ನಿನ ಪೂರ್ವ ಭಾಗದ ಸರ್ಕಾರಿ ಮಾನಸಿಕ ಆರೋಗ್ಯ ಟ್ರಸ್ಟಿನ ಅನುಭವ ಪ್ರಯೋಜನಕಾರಿ. ಟವರ್ ಹ್ಯಾಮ್ಲೆಟ್ಸ್ ಪ್ರದೇಶದ ಆರು ವಾರ್ಡುಗಳಲ್ಲಿ ಸಿಬ್ಬಂದಿ ದಿನಕ್ಕೆ ಕೆಲವು ಬಾರಿ ನಿಂತಲ್ಲೇ ಕ್ಷಣಕಾಲ ಸೇರಿ ಯಾರಿಗೆ ಇಂದು ಕಿರಿಕಿರಿ ಹೆಚ್ಚಾಗಿದೆ, ಏಕೆ ಎಂದು ಮಾತಾಡಿಕೊಳ್ಳುವುದು, ಹಲ್ಲೆ ನಡೆದ ದಿನಗಳನ್ನು ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲೆ ಗುರುತಿಸುವುದು, ವಾರ್ಡಿನ ಸಭೆಯಲ್ಲಿ ರೋಗಿಗಳೊಂದಿಗೇ ಆ ವಿಷಯ ಚರ್ಚಿಸುವುದು, ಇಂಥ ಬದಲಾವಣೆಗಳನ್ನು ಒಂದೊಂದಾಗಿ ಪರೀಕ್ಷಿಸಿ ದೈಹಿಕ ಹಲ್ಲೆಗಳನ್ನು ಸುಮಾರು ಶೇಕಡ 40ರಷ್ಟು ಇಳಿಸಿದರು. ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ರೋಗಿಯನ್ನು ಕಟ್ಟಿಹಾಕಿದ ಪ್ರತಿ ಪ್ರಸಂಗವೂ ತಿಂಗಳ ವರದಿಯಾಗಿ ಪರಿಶೀಲನಾ ಮಂಡಳಿಗೆ ಹೋಗಬೇಕು. ವರದಿಗೆಂದು ಹೇಗೂ ಬರೆಯುವ ಆ ಅಂಕಿಯನ್ನೇ ವಾರ್ಡಿನವರು ಸುಧಾರಣೆಗೂ ಬಳಸಬಹುದು.

ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆರೋಗ್ಯ ಸಂಸ್ಥೆ 2001ರಲ್ಲಿ ಖಿನ್ನತೆಯ ಆರೈಕೆಯನ್ನು ಇದೇ ರೀತಿ ಮರುರೂಪಿಸಿ, ತನ್ನ ಮಾನಸಿಕ ರೋಗಿಗಳಲ್ಲಿ ಲಕ್ಷಕ್ಕೆ 89ರಷ್ಟಿದ್ದ ವಾರ್ಷಿಕ ಆತ್ಮಹತ್ಯೆಯ ಪ್ರಮಾಣವನ್ನು ಮುಂದಿನ ವರ್ಷಗಳಲ್ಲಿ ಸರಾಸರಿ 22ಕ್ಕೆ ಇಳಿಸಿದ್ದನ್ನು ಸಮ್ಮೇಳನಗಳಲ್ಲಿ ಬಹಳ ಹೇಳುತ್ತಾರೆ. ವಿಮೆಯ ಮೂಲಕ ಒಂದೇ ಸಂಸ್ಥೆಗೆ ಕಟ್ಟುಬಿದ್ದ ರೋಗಿಗಳ ಆ ಅನುಭವವನ್ನು, ಇಂದು ಸರ್ಕಾರಿ ಆಸ್ಪತ್ರೆ, ನಾಳೆ ಖಾಸಗಿ, ನಾಡಿದ್ದು ಬೆಂಗಳೂರು ಎಂದು ಓಡಾಡುವ ನಮ್ಮ ರೋಗಿಗಳಿಗೆ ಹಾಗೆಯೇ ಅನ್ವಯಿಸಲು ನಾನು ಹಿಂಜರಿಯುತ್ತೇನೆ.

ಅಷ್ಟು ದೂರ ಹೋಗುವುದೂ ಬೇಡ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ಲಕ್ಷ್ಯ' ಕಾರ್ಯಕ್ರಮದಲ್ಲಿ ಹೆರಿಗೆ ಕೋಣೆಗಳ ಸುಧಾರಣೆಗೆ ಎರಡೆರಡು ತಿಂಗಳ ಆರು ಸುತ್ತುಗಳನ್ನು ಗೊತ್ತುಮಾಡಲಾಗಿತ್ತು. ನಮ್ಮ ಆಸ್ಪತ್ರೆಗಳ ಹೆರಿಗೆ ವಿಭಾಗದ ಶುಶ್ರೂಷಾಧಿಕಾರಿಗಳಿಗೆ ಈ ಚಕ್ರದ ಭಾಷೆ ಪರಿಚಿತ. ಅದೇ ಕಟ್ಟಡದ ಇನ್ನೊಂದು ತುದಿಯಲ್ಲಿ ಮಂಗಳವಾರ ನಡೆಯುವ ಚಿಕಿತ್ಸಾಲಯಕ್ಕೆ ಅದು ದಾಟಿಲ್ಲ. ಮಾನಸಿಕ ಕಾಯಿಲೆಯನ್ನು ದೈಹಿಕ ಕಾಯಿಲೆಗೆ ಸಮನಾಗಿ ಕಾಣಬೇಕೆಂದು ಕಾಯ್ದೆಯ 21ನೇ ಕಲಮು ಹೇಳುತ್ತದೆ. ಸುಧಾರಣೆಯ ಪ್ರಯತ್ನಕ್ಕೂ ಆ ಸಮಾನತೆ ಸಲ್ಲಬೇಕಲ್ಲವೇ?

ಆದರೆ ಗುಣಮಟ್ಟದ ಹೆಸರಿನಲ್ಲಿ ನಡೆಯುವ ತಪಾಸಣೆಯೊಂದಿಗೆ ಇದನ್ನು ಬೆರೆಸಬಾರದೆಂಬುದು ನನ್ನ ಬಲವಾದ ಅಭಿಪ್ರಾಯ. ತಪಾಸಣಾ ತಂಡ ಬರುವ ಹಿಂದಿನ ದಿನ ಗೋಡೆಗೆ ಬಣ್ಣ, ರಿಜಿಸ್ಟರಿಗೆ ಹೊಸ ರಟ್ಟು, ಬಾಗಿಲಿಗೆ ರಂಗೋಲಿ ಬೀಳುವುದನ್ನು ನಾವೆಲ್ಲರೂ ನೋಡಿದ್ದೇವೆ. ಮರಳಿ ಬಂದವರ ಪ್ರಮಾಣ ಕಡಿಮೆಯಾದರೆ ಕಾರಣ ಕೇಳುವ ನೋಟಿಸ್ ಬರುತ್ತದೆ ಎಂದಾದರೆ, ಒಂದೇ ತಿಂಗಳಲ್ಲಿ ಆ ಪ್ರಮಾಣ ಶೇಕಡ ತೊಂಬತ್ತಾಗುತ್ತದೆ, ರೋಗಿಗಳು ಮಾತ್ರ ಬಂದಿರುವುದಿಲ್ಲ. ಕೆಟ್ಟ ಅಂಕಿಯನ್ನು ಧೈರ್ಯವಾಗಿ ಬರೆಯಬಲ್ಲ ಚಿಕಿತ್ಸಾಲಯಕ್ಕೆ ಮಾತ್ರ ಸುಧಾರಿಸುವ ದಾರಿ ಇದೆ. ಆದ್ದರಿಂದ ಕನಿಷ್ಠ ಒಂದು ವರ್ಷ ಈ ಅಂಕಿಗಳನ್ನು ಜಿಲ್ಲೆಗಳ ಶ್ರೇಯಾಂಕಕ್ಕಾಗಲಿ, ಗುತ್ತಿಗೆ ನೌಕರರ ಮುಂದುವರಿಕೆಗಾಗಲಿ ಬಳಸುವುದಿಲ್ಲವೆಂದು ಲಿಖಿತವಾಗಿ ತಿಳಿಸಬೇಕು.

ಗುತ್ತಿಗೆಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಮನೋವೈದ್ಯರ ಹುದ್ದೆ ಖಾಲಿ ಇರುವಲ್ಲಿ ಯಾವ ಚಕ್ರವೂ ತಿರುಗುವುದಿಲ್ಲ. ಅಗತ್ಯ ಔಷಧಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೊದಲ್ಗೊಂಡು ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲ ಕಾಲದಲ್ಲೂ ಉಚಿತವಾಗಿ ಸಿಗಬೇಕೆಂದು ಕಾಯ್ದೆಯ 18ನೇ ಕಲಮಿನಲ್ಲಿದೆ. ಎರಡು ಮೂರು ವಾರಕ್ಕೊಮ್ಮೆ ತಪ್ಪದೆ ಕೊಡಬೇಕಾದ ಫ್ಲೂಫೆನಜಿನ್ ಚುಚ್ಚುಮದ್ದು ದಾಸ್ತಾನಿನಲ್ಲೇ ಇಲ್ಲದಿದ್ದರೆ, ಶುಶ್ರೂಷಾಧಿಕಾರಿ ಎಷ್ಟೇ ಅಕ್ಕರೆಯಿಂದ ಫೋನ್ ಮಾಡಿ ಕರೆಸಿಕೊಂಡರೂ ರೋಗಿ ಬರಿಗೈಯಲ್ಲಿ ಹೋಗಬೇಕಾಗುತ್ತದೆ; ಹಾಗೆ ಹೋದವರು ಮೂರನೆಯ ಸಲ ಬರುವುದಿಲ್ಲ. ಸಿಬ್ಬಂದಿ ಮತ್ತು ಔಷಧ ಇಲಾಖೆಯ ಹೊಣೆ. ಅವೆರಡೂ ಇದ್ದಲ್ಲಿಯೂ ಸೋರಿಹೋಗುತ್ತಿರುವುದನ್ನು ತಡೆಯುವುದು ಮಾತ್ರ ನಮ್ಮ ಕೈಯಲ್ಲಿದೆ.

ಹಾಗಾಗಿ ಕೇಳುತ್ತಿರುವುದು ಇದು. ಒಂದು ಜಿಲ್ಲೆಯಲ್ಲಿ, ತಾವಾಗಿ ಮುಂದೆ ಬರುವ ಎರಡು ಮೂರು ತಾಲ್ಲೂಕುಗಳಿಂದ ಆರಂಭಿಸಲು ಅನುಮತಿ ಕೊಡಿ. ರಾಜ್ಯಕ್ಕೆಲ್ಲ ಒಂದೇ ದಿನ ಉದ್ಘಾಟನೆ ಬೇಡ. ಆ ತಾಲ್ಲೂಕುಗಳಲ್ಲಿ ತಿಂಗಳಿಗೊಮ್ಮೆ ಅರ್ಧ ಗಂಟೆ, ಚಿಕಿತ್ಸಾಲಯ ಮುಗಿದ ಮೇಲೆ, ವೈದ್ಯರಿಂದ ಹಿಡಿದು ಚೀಟಿ ಬರೆಯುವವರವರೆಗೆ ಎಲ್ಲರೂ ಕೂತು ಗೆರೆನಕ್ಷೆ ನೋಡುವುದನ್ನು ಅಧಿಕೃತ ಕರ್ತವ್ಯವೆಂದು ಪರಿಗಣಿಸಿ. ಆ ಸಭೆಯಲ್ಲಿ ಕನಿಷ್ಠ ಒಬ್ಬ ರೋಗಿಯೋ ರೋಗಿಯ ಮನೆಯವರೋ ಇರಲಿ, ಅವರ ಬಸ್ ಖರ್ಚನ್ನು ಆರೋಗ್ಯ ರಕ್ಷಾ ಸಮಿತಿಯ ನಿಧಿಯಿಂದ ಕೊಡಲು ಅವಕಾಶವಿರಲಿ. ರಾಜ್ಯದ ಮಾನಸಿಕ ಆರೋಗ್ಯ ದಾಖಲೆಗಳ ಇ-ಮಾನಸ್ ತಂತ್ರಾಂಶಕ್ಕೆ ನಾವು ತುಂಬುವ ಮಾಹಿತಿ ಮೇಲಕ್ಕೆ ಹೋಗುವಷ್ಟೇ ಸಲೀಸಾಗಿ, ನಮ್ಮ ತಾಲ್ಲೂಕಿನ ಮಟ್ಟಿಗೆ, ನಮಗೆ ಮರಳಿ ಸಿಗಲಿ. ರೋಗಿಯ ಗುಟ್ಟು ಕಾಪಾಡುವ ಕಾಯ್ದೆಯ ಕಟ್ಟಳೆ ಅಲ್ಲಿಯೂ ಪಾಲನೆಯಾಗಲಿ. ತೀರ್ಥಹಳ್ಳಿ, ತುರುವೇಕೆರೆ ತಾಲ್ಲೂಕುಗಳಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ವರ್ಷಗಟ್ಟಲೆ ಬಿಡದೆ ಹಿಂಬಾಲಿಸಿ ಚಿಕಿತ್ಸೆ ಕೊಡಿಸಿದ ಅನುಭವ ನಿಮ್ಹಾನ್ಸ್ ಬಳಿ ಇದೆ, ಉತ್ತರ ಕರ್ನಾಟಕದ ಪರಿಸ್ಥಿತಿ ಬಲ್ಲ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಧಾರವಾಡದಲ್ಲಿದೆ. ಈ ತಂಡಗಳಿಗೆ ಮಾರ್ಗದರ್ಶನ ಮಾಡಲು ಆ ಎರಡೂ ಸಂಸ್ಥೆಗಳನ್ನು ಕೋರಿ. ಫಲ ಬಂದ ಬದಲಾವಣೆಗಳ ಜೊತೆಗೆ ಫಲ ಬಾರದವುಗಳನ್ನೂ ಪ್ರಕಟಿಸಿ, ಪಕ್ಕದ ತಾಲ್ಲೂಕಿನವರು ಅದೇ ಗುಂಡಿಗೆ ಬೀಳದಿರಲಿ.

ಇವುಗಳಲ್ಲಿ ಕೆಲವಕ್ಕೆ ಹಣಕಾಸಿನ ಅನುಮೋದನೆ ಬೇಕಾಗಬಹುದು, ಸಮಯವೂ ಹಿಡಿಯಬಹುದು. ಒಂದಕ್ಕೆ ಅದಾವುದೂ ಬೇಕಿಲ್ಲ. ಮುಂದಿನ ತಿಂಗಳು ಜಿಲ್ಲೆಗಳಿಗೆ ಕಳುಹಿಸುವ ವರದಿ ನಮೂನೆಯಲ್ಲಿ 'ಹಿಂದಿನ ತ್ರೈಮಾಸಿಕದಲ್ಲಿ ಹೊಸದಾಗಿ ನೋಂದಾಯಿತರಾದವರ ಪೈಕಿ ಆರು ವಾರದೊಳಗೆ ಮರಳಿ ಬಂದವರು' ಎಂಬ ಒಂದೇ ಒಂದು ಅಂಕಣವನ್ನು ಸೇರಿಸಿ, ಅದಕ್ಕೆ ಸ್ಥಳ ಸಾಲದಿದ್ದರೆ ಈಗಿರುವ ಅಂಕಣಗಳಲ್ಲಿ ಯಾರೂ ಓದದ ಯಾವುದಾದರೂ ಎರಡನ್ನು ತೆಗೆದುಹಾಕಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ,
ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ